ಪ್ರೊಫಿರಕ್ಕ ಮುಚ್ಚಿದ ಗಾಯ

ಪ್ರೊಫಿರಕ್ಕನ ಎರಡೂ ಕೈಯ ಬೆರಳ ತುದಿಗಳು ಸತ್ತು ಎಷ್ಟೋ ವರ್ಷಗಳಾದವು. ಸೂಜಿ ಚುಚ್ಚಿದರೆ ರಕ್ತ ಬರುತ್ತದೆ, ನೋವು ಬರುವುದಿಲ್ಲ. ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿ, ಸ್ವಲ್ಪ ಹೊತ್ತಿನ ಮೇಲೆ ಬೊಬ್ಬೆ ಎದ್ದದ್ದು ಕಂಡು, "ಓ, ಬಿಸಿ ಇತ್ತೇನೋ" ಅನ್ನುವ ಹೆಂಗಸು. ಹೀಗಾಗಿ ಲ್ಯಾಬಿನಲ್ಲಿ, ಗಾಯಕ್ಕೆ ಹೊದೆಸುವ ಲೋಳೆಹಾಳೆ ಚೆನ್ನಾಗಿ ತೊಳೆದಿದೆಯೋ ಇಲ್ಲವೋ ನೋಡಬೇಕಾದಾಗ ಅವಳು ಅದನ್ನು ಕೆಳದುಟಿಗೆ ತಾಗಿಸಿಕೊಳ್ಳುತ್ತಾಳೆ. ಹೊಸದಾಗಿ ಬಂದ ಹುಡುಗಿಯರು ಇದನ್ನು ಕಂಡು ಹೌಹಾರುತ್ತಾರೆ.

"ಅಯ್ಯೋ ಪ್ರೊಫಿರಕ್ಕ, ಕಾಸ್ಟಿಕ್ ಉಳಿದಿದ್ರೆ ತುಟಿ ಸುಟ್ಟುಹೋಗಲ್ವಾ?"

"ಉಳಿದಿದ್ರೆ ತುಟಿ ಹೇಳುತ್ತೆ ಬಿಡೇ. ನಿನ್ನ ಮಷೀನು ಕಣ್ಣು ಬಿಡೋದರೊಳಗೆ ಹೇಳುತ್ತೆ."

ಯಾಶ್ ಪಟ್ಟಣದ ಆ ಸಂಶೋಧನಾ ಸಂಸ್ಥೆಯಲ್ಲಿ ಅವಳದು ಇಪ್ಪತ್ತಾರು ವರ್ಷದ ಚಾಕರಿ. ಅದಕ್ಕೂ ಮುಂಚೆ ನೂಲಿನ ಗಿರಣಿಯಲ್ಲಿದ್ದಳು. ಗಿರಣಿ ಬಾಗಿಲು ಹಾಕಿದಾಗ ಉಳಿದ ಹೆಂಗಸರೆಲ್ಲ ಮನೆ ಸೇರಿದರು, ಇವಳೊಬ್ಬಳು ಹತ್ತಿಯ ವಿಷಯ ಗೊತ್ತಿದೆ ಎಂಬ ಒಂದೇ ಕಾರಣಕ್ಕೆ ಇಲ್ಲಿಗೆ ಬಂದಳು. ಇಲ್ಲಿ ಹತ್ತಿಯನ್ನು ನೂಲುವುದಿಲ್ಲ, ಕರಗಿಸುತ್ತಾರೆ. ಕಾಸ್ಟಿಕ್ ಸೋಡಾ, ಯೂರಿಯಾ ಕಲೆಸಿದ ನೀರನ್ನು ಸೊನ್ನೆಗಿಂತ ಹನ್ನೆರಡು ಡಿಗ್ರಿ ಕೆಳಕ್ಕಿಳಿಸಿ, ಹತ್ತಿಯ ಪುಡಿ ಸುರಿದು ಗರಗರ ತಿರುವಿದರೆ ಐದು ನಿಮಿಷಕ್ಕೆ ಹತ್ತಿ ಮಾಯ. ಉಳಿಯುವುದು ಗಂಜಿತಿಳಿಯಂಥ ಪಾಕ. ಅದನ್ನು ಗಾಜಿನ ತಟ್ಟೆಗೆ ಹುಯ್ದು, ಹೆಪ್ಪುಗಟ್ಟಿಸಿ, ಮೂರು ದಿನ ನೀರು ಬದಲಿಸಿ ಬದಲಿಸಿ ತೊಳೆದರೆ ಅಂಗೈಯಗಲದ, ಆಚೆಬದಿ ಕಾಣುವಂಥ ಹಾಳೆ. ಮುಕ್ಕಾಲು ಮೂರುವೀಸ ಪಾಲು ನೀರೇ, ಆದರೂ ಕೈಯಲ್ಲಿ ಹಿಡಿದರೆ ಸೋರುವುದಿಲ್ಲ. ಓದಿದವರು ಅದಕ್ಕೆ ಸೆಲ್ಯುಲೋಸ್ ಹೈಡ್ರೋಜೆಲ್ ಅನ್ನುತ್ತಾರೆ. ಸುಟ್ಟ ಗಾಯದ ಮೇಲೆ, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿನ ಮೇಲೆ ಹೊದೆಸಿದರೆ ಅದು ಕಚ್ಚಿಕೊಳ್ಳದೆ, ಒಣಗಗೊಡದೆ, ಹೊಸ ಚರ್ಮ ಬೆಳೆಯಲು ಬಿಡುತ್ತದೆ. ಪ್ರೊಫಿರಕ್ಕನ ಬೆರಳು ಸತ್ತದ್ದು ಮೊದಮೊದಲ ವರ್ಷಗಳಲ್ಲಿ. ಆಗ ಕೈಗವಸು ತೆಳ್ಳಗೆ, ಪಾಕ ಹಿಮದಷ್ಟು ತಣ್ಣಗೆ, ಅವಳ ಬಾಯಿಗೆ ಬೀಗ. ಕೆಲಸ ಇದ್ದದ್ದೇ ಪುಣ್ಯ ಅನ್ನಿಸುತ್ತಿದ್ದ ಕಾಲದಲ್ಲಿ ಬೆರಳಿನ ದೂರು ಯಾರ ಹತ್ತಿರ ಹೇಳುವುದು?

ಅವಳು ಮದುವೆಯಾಗಲಿಲ್ಲ. ಎರಡು ಕೋಣೆಯ ಮನೆ, ನಾಲ್ಕನೇ ಮಹಡಿ, ಅಡುಗೆಮನೆಯ ಕಿಟಕಿಯಲ್ಲಿ ಅಮ್ಮ ಕೊಟ್ಟ ಜಾಡಿ. ಜಾಡಿಯಲ್ಲಿ ಸಿಹಿ ಚಹಾ, ಅದರ ಮೇಲೆ ದೋಸೆಯಂತೆ ತೇಲುವ ಬಿಳಿಯ ಚಹಾ ಅಣಬೆ. ವಾರಕ್ಕೊಮ್ಮೆ ಹುಳಿ ಚಹಾ ಬಸಿದು ಕುಡಿಯುವುದು, ಹೊಸದು ಹುಯ್ಯುವುದು, ಅಣಬೆ ದಪ್ಪವಾದರೆ ಒಂದು ಪದರ ಸುಲಿದು ನೆರೆಯವರಿಗೆ ಕೊಡುವುದು. ಅವಳ ಅಮ್ಮ ಮಕ್ಕಳ ಮೊಣಕಾಲು ತರಚಿದರೂ, ಒಲೆಯಲ್ಲಿ ಕೈ ಸುಟ್ಟರೂ ಅದೇ ಅಣಬೆಯ ಸಿಪ್ಪೆಯನ್ನು ಹೊದೆಸುತ್ತಿದ್ದಳು. ಆ ಸಿಪ್ಪೆಯೂ ಸೆಲ್ಯುಲೋಸೇ, ಕಣ್ಣಿಗೆ ಕಾಣದ ಜೀವಿಗಳು ನೇಯ್ದದ್ದು ಎಂದು ಲ್ಯಾಬಿನ ಮುಖ್ಯಸ್ಥೆ ಸ್ಮರಂಡಾ ಒಮ್ಮೆ ಹೇಳಿದಾಗ ಪ್ರೊಫಿರಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

"ಹಾಗಾದ್ರೆ ನಮ್ಮಮ್ಮ ನಿಮಗಿಂತ ಮುಂಚೆ ಪ್ರೊಫೆಸರ್ ಆಗಿದ್ಲು ಅನ್ನಿ, ಮೇಡಂ!"

ಇನ್ನು ಅವಳಿಗೆ ಉಳಿದವನು ಅಣ್ಣ ತೊವಾದೆರ್. ಅವಳಿಗಿಂತ ಏಳು ವರ್ಷ ದೊಡ್ಡವನು, ಹೆಂಡತಿ ತೀರಿಕೊಂಡಿದ್ದಳು, ಪಟ್ಟಣದ ಅಂಚಿನ ಬುಚ್ಯುಮ್ ದಿಣ್ಣೆಯಲ್ಲಿ ದ್ರಾಕ್ಷಿ ತೋಟ ಮಾಡಿಕೊಂಡಿದ್ದ. ಅರವತ್ತೆಂಟು ವರ್ಷ ಬಿಸಿಲಲ್ಲಿ ತಲೆ ಬಿಟ್ಟುಕೊಂಡೇ ಓಡಾಡಿದ ಮನುಷ್ಯ. ಟೋಪಿ ಹಾಕಿಕೋ ಅಂದರೆ, "ಟೋಪಿ ಇರೋದು ಹೆಣದ ಮುಂದೆ ತೆಗೆಯೋದಕ್ಕೆ" ಅನ್ನುತ್ತಿದ್ದ. ಮಾತು ಒರಟು, ಆದರೆ ತಂಗಿ ಬರುವ ಭಾನುವಾರ ಬೆಳಗ್ಗೆಯೇ ಮೆಕ್ಕೆಜೋಳದ ಮುದ್ದೆ ಕೂಡಿಸಿ, ಹುಳಿ ಕೆನೆ ತೆಗೆದಿಟ್ಟು, ಗೇಟಿನ ಹತ್ತಿರ ಸುಮ್ಮನೆ ಏನೋ ಕೆಲಸವಿದ್ದವನಂತೆ ನಿಂತಿರುತ್ತಿದ್ದ.

ಒಂದು ವಸಂತದಲ್ಲಿ ಅವನ ಎಡಗಣ್ಣಿಗೂ ಮೂಗಿಗೂ ನಡುವೆ ಬೇಳೆಕಾಳಿನಷ್ಟು ಒಂದು ಹುಣ್ಣು ಕಾಣಿಸಿತು. ಹಕ್ಕಳೆ ಕಟ್ಟುವುದು, ಉದುರುವುದು, ರಕ್ತ ಜಿನುಗುವುದು, ಮತ್ತೆ ಹಕ್ಕಳೆ. ಬೇಸಿಗೆ ಕಳೆದರೂ ಹೋಗಲಿಲ್ಲ.

"ಡಾಕ್ಟರ್ ಹತ್ರ ಹೋಗೋಣ ಬಾ ಅಣ್ಣ."

"ಬಳ್ಳಿ ಕತ್ತರಿಸುವಾಗ ಕಡ್ಡಿ ತರಚಿದ್ದು ಕಣೇ. ಇದಕ್ಕೆಲ್ಲ ಡಾಕ್ಟರ್ ಹತ್ರ ಹೋದ್ರೆ ಈ ದಿಣ್ಣೇಲಿ ದ್ರಾಕ್ಷಿ ಕೀಳೋರು ಒಬ್ಬರೂ ಉಳಿಯಲ್ಲ."

"ಹಾಗಾದ್ರೆ ನಮ್ಮ ಲ್ಯಾಬಿನ ಹಾಳೆ ತಂದು ಹಾಕ್ತೀನಿ."

ತೊವಾದೆರ್ ಅವಳ ಕೈ ಹಿಡಿದು, ಆ ಮರಗಟ್ಟಿದ ಬೆರಳುಗಳನ್ನು ಅವಳ ಮುಖಕ್ಕೇ ತೋರಿಸಿದ. "ಈ ಬೆರಳು ತಿಂದ ಲೋಳೆನಾ? ನನ್ನ ಕಣ್ಣಿನ ಪಕ್ಕಕ್ಕಾ? ತಲೆ ನೆಟ್ಟಗಿದೆಯಾ ನಿನಗೆ?"

ಅಲ್ಲಿಗೆ ಮಾತು ಮುಗಿಯಿತು. ಅವನು ಒಂದು ಸಲ ಬೇಡ ಅಂದರೆ ಮುಗಿಯಿತು, ದೇವರೇ ಬಂದರೂ ಅಷ್ಟೇ. ಆದರೆ ದೇವರು ಬಂದರೆ ಕೇಳುತ್ತಾನೇನೋ ಎಂಬ ಯೋಚನೆ ಪ್ರೊಫಿರಕ್ಕನಿಗೆ ಬಂದದ್ದು ಅಕ್ಟೋಬರಿನಲ್ಲಿ, ಸಂತ ಪರಸ್ಕೇವಳ ಹಬ್ಬ ಹತ್ತಿರವಾದಾಗ. ಆ ದಿನಗಳಲ್ಲಿ ಪಟ್ಟಣದ ದೊಡ್ಡ ಇಗರ್ಜಿಯಲ್ಲಿ ಸಂತಳ ದೇಹವಿಟ್ಟ ಬೆಳ್ಳಿ ಪೆಟ್ಟಿಗೆಯನ್ನು ಹೊರಗೆ ತಂದು ಇಡುತ್ತಾರೆ. ದೇಶದ ಮೂಲೆಮೂಲೆಯಿಂದ ಬಂದ ಜನ ಗಂಟೆಗಟ್ಟಲೆ ಸಾಲಿನಲ್ಲಿ ನಿಂತು, ಪೆಟ್ಟಿಗೆಗೆ ಮುತ್ತಿಟ್ಟು, ಮನೆಯಲ್ಲಿ ಮಲಗಿದವರ ಅಂಗಿಯನ್ನೋ ವಸ್ತ್ರವನ್ನೋ ಅದಕ್ಕೆ ಮುಟ್ಟಿಸಿಕೊಂಡು ಹೋಗುತ್ತಾರೆ. ಆ ವರ್ಷ ದ್ರಾಕ್ಷಿ ತಡವಾಗಿ ಮಾಗಿತ್ತು. ತೋಟ ಬಿಟ್ಟು ಬರಲಾಗದ ತೊವಾದೆರ್ ತನ್ನ ಕರವಸ್ತ್ರ ಕೊಟ್ಟು ಕಳಿಸಿದ.

ಲ್ಯಾಬಿನಲ್ಲಿ ಗುಳ್ಳೆ ಬಿದ್ದ ಹಾಳೆಗಳನ್ನು ಬಿಸಾಡುತ್ತಾರೆ. ಪ್ರೊಫಿರಕ್ಕ ಅಂಥ ಎಂಟು ಹಾಳೆಗಳನ್ನು ಡಬ್ಬಿಯಲ್ಲಿ ತುಂಬಿಕೊಂಡಳು. ಡಬ್ಬಿಯನ್ನು ಅಣ್ಣನ ಕರವಸ್ತ್ರದಲ್ಲಿ ಸುತ್ತಿ, ಏಳು ಗಂಟೆ ಸಾಲಿನಲ್ಲಿ ನಿಂತು, ಪಾದ್ರಿಯ ಕೈಗೆ ಕೊಟ್ಟಳು. ಪಾದ್ರಿ ಗಂಟನ್ನು ಪೆಟ್ಟಿಗೆಗೆ ಮುಟ್ಟಿಸಿ, ಮೇಲೊಂದು ಕಾಮಕಸ್ತೂರಿಯ ಎಸಳಿಟ್ಟು ಹಿಂದಿರುಗಿಸಿದ. ಅವನಿಗೇನು ಗೊತ್ತು ಒಳಗೇನಿದೆ ಅಂತ?

"ಇದು ಅಮ್ಮನ ಜಾಡಿಯ ಸಿಪ್ಪೆ ಅಣ್ಣ," ಎಂದಳು ಅವಳು ಬುಚ್ಯುಮ್‌ಗೆ ಬಂದು. "ಪರಸ್ಕೇವಮ್ಮನಿಗೆ ಮುಟ್ಟಿಸಿ ತಂದಿದ್ದೀನಿ."

ತೊವಾದೆರ್ ಶಿಲುಬೆ ಗುರುತು ಹಾಕಿಕೊಂಡು, ಸ್ಟೂಲಿನ ಮೇಲೆ ಕೂತು, ಚಿಕ್ಕ ಮಗುವಿನಂತೆ ಮುಖ ಎತ್ತಿದ. ಅದು ಪೂರ್ತಿ ಸುಳ್ಳೂ ಅಲ್ಲ ಎಂದು ಪ್ರೊಫಿರಕ್ಕ ತನಗೆ ತಾನೇ ಹೇಳಿಕೊಂಡಳು. ಅದೂ ಸೆಲ್ಯುಲೋಸು, ಇದೂ ಸೆಲ್ಯುಲೋಸು. ಲ್ಯಾಬಿನದು ಇನ್ನೂ ಶುದ್ಧ, ಅದರಲ್ಲಿ ಚೆಂಡುಹೂವಿನ ಸಾರ ಬೇರೆ ಸೇರಿದೆ. ಹಠಮಾರಿ ಮಗುವಿಗೆ ಬೆಲ್ಲದಲ್ಲಿ ಮಾತ್ರೆ ಇಟ್ಟು ನುಂಗಿಸುವುದಿಲ್ಲವೇ, ಹಾಗೆ.

ಪ್ರತಿ ಶನಿವಾರ ಹೋಗಿ ಹೊಸ ಹಾಳೆ ಹಾಕಿ ಬಂದಳು. ಡಿಸೆಂಬರಿನ ಸಂತ ನಿಕೊಲಾಯ್ ಹಬ್ಬದ ಹೊತ್ತಿಗೆ ಹುಣ್ಣು ಮುಚ್ಚಿತು. ಅಲ್ಲಿ ತೆಳುವಾದ, ಗುಲಾಬಿ ಬಣ್ಣದ ಹೊಸ ಚರ್ಮ. ಕನ್ನಡಿ ಹಿಡಿದು ನೋಡಿಕೊಂಡ ತೊವಾದೆರ್ ಗಳಗಳ ಅತ್ತುಬಿಟ್ಟ. ಹೆಂಡತಿ ಹೋದಾಗಲೂ ಅತ್ತವನಲ್ಲ ಅವನು. ಇಡೀ ದಿಣ್ಣೆಗೆ ಹೇಳಿಕೊಂಡು ಬಂದ. ಚಳಿಗಾಲ ಕಳೆದು ಸಂತ ತೊವಾದೆರನ ದಿನ, ಎಂದರೆ ಅವನ ಹೆಸರಿನ ಹಬ್ಬದಂದು, ನೆಂಟರಿಷ್ಟರಿಗೆಲ್ಲ ದ್ರಾಕ್ಷಾರಸ ಹುಯ್ದು ಮತ್ತೆ ಹೇಳಿದ. "ಅಮ್ಮನ ಜಾಡಿ, ಪರಸ್ಕೇವಮ್ಮನ ಕೈ. ಇನ್ನೇನು ಬೇಕ್ರಪ್ಪಾ?" ಪ್ರೊಫಿರಕ್ಕ ಉಪ್ಪಿನಲ್ಲಿಟ್ಟ ಸೌತೆಕಾಯಿ ಬಡಿಸುತ್ತ ಸುಮ್ಮನಿದ್ದಳು. ಒಳಗೊಳಗೇ ಹಿಗ್ಗುತ್ತಿದ್ದಳು, ಯಾಕೆ ಸುಳ್ಳು ಹೇಳಬೇಕು? ಇಪ್ಪತ್ತಾರು ವರ್ಷ ಹಾಳೆ ತೊಳೆದವಳು, ಒಂದೇ ಒಂದು ಗಾಯ ಮುಚ್ಚಿದ್ದನ್ನು ಕಣ್ಣಾರೆ ಕಂಡದ್ದು ಅದೇ ಮೊದಲು. ಹಾಳೆಗಳೆಲ್ಲ ಡಬ್ಬಿ ಸೇರಿ ಎಲ್ಲಿಗೋ ಹೋಗುತ್ತಿದ್ದವು, ಅವುಗಳಿಂದ ಏನಾಯಿತೆಂದು ಅವಳಿಗೆ ಯಾರೂ ಹೇಳುತ್ತಿರಲಿಲ್ಲ.

ಮುಂದಿನ ಆಗಸ್ಟಿನಲ್ಲಿ ಸ್ಮರಂಡಾ ಹೊಸ ಹುಡುಗಿಯರಿಗೆ ಪಾಠ ಹೇಳುತ್ತಿದ್ದಳು. ಆ ಹೊತ್ತಿಗೆ ಲ್ಯಾಬಿನಲ್ಲಿ ಎರಡು ತರಹದ ಹಾಳೆ ಮಾಡುತ್ತಿದ್ದರು. ಒಂದು ಗಾಯಕ್ಕೆ. ಇನ್ನೊಂದು ಹಳದಿ ಹಾಳೆ, ಅದರೊಳಗೆ ಚರ್ಮದ ಕ್ಯಾನ್ಸರಿನ ಔಷಧಿ ಸೇರಿಸಿದ್ದು. ಗಂತಿಯ ಮೇಲೆ ಅಂಟಿಸಿದರೆ ಔಷಧಿ ನಿಧಾನವಾಗಿ ಅಲ್ಲಿಗಷ್ಟೇ ಇಳಿಯುತ್ತದೆ, ಮೈಗೆಲ್ಲ ಹರಡುವುದಿಲ್ಲ. ಅದಿನ್ನೂ ಇಲಿಗಳ ಮೇಲೆ ನಡೆಯುತ್ತಿದ್ದ ಪರೀಕ್ಷೆ. ಪ್ರೊಫಿರಕ್ಕ ತೊಟ್ಟಿಯ ಹತ್ತಿರ ಬೆನ್ನು ಹಾಕಿ ನಿಂತು ಹಾಳೆ ತೊಳೆಯುತ್ತಿದ್ದಳು, ಕಿವಿಗೆ ಬಿದ್ದದ್ದನ್ನು ಕೇಳುತ್ತಿದ್ದಳು.

"ಈ ಫೋಟೋ ನೋಡಿ," ಅನ್ನುತ್ತಿದ್ದಳು ಸ್ಮರಂಡಾ. "ಅಂಚು ಮುತ್ತಿನ ಹಾಗೆ ಹೊಳೆಯುತ್ತೆ. ಹುಣ್ಣಾಗುತ್ತೆ, ಮುಚ್ಚುತ್ತೆ, ಮತ್ತೆ ಹುಣ್ಣಾಗುತ್ತೆ. ಮುಚ್ಚಿದಾಗ ಪೇಷಂಟು ವಾಸಿಯಾಯ್ತು ಅಂತ ಮನೇಲಿ ಕೂತ್ಕೋತಾನೆ. ಅದು ಒಳಗಡೆ ತಿಂತಾ ಹೋಗುತ್ತೆ. ಬಿಸಿಲಲ್ಲಿ ದುಡಿಯೋರಿಗೆ ಜಾಸ್ತಿ. ಮೂಗು, ಕಿವಿ, ಕಣ್ಣಿನ ಮೂಲೆ."

ಪ್ರೊಫಿರಕ್ಕ ತಿರುಗಿ ನೋಡಿದಳು. ಗೋಡೆಯ ಮೇಲೆ ಯಾರದೋ ಕಣ್ಣಿನ ಮೂಲೆ ಬಾಗಿಲಗಲ ಬೆಳಗುತ್ತಿತ್ತು. ನಲ್ಲಿಯ ನೀರು ತೊಟ್ಟಿ ತುಂಬಿ ನೆಲಕ್ಕೆ ಹರಿದು ಚಪ್ಪಲಿ ಒದ್ದೆಯಾದಾಗ ಯಾರೋ ಬಂದು ನಲ್ಲಿ ನಿಲ್ಲಿಸಿದರು.

ಆ ಭಾನುವಾರ ಅವಳು ಅಣ್ಣನನ್ನು ಅಂಗಳದ ಬೆಳಕಿಗೆ ತಿರುಗಿಸಿ ನೋಡಿದಳು. ಗುಲಾಬಿ ಚರ್ಮದ ಸುತ್ತ ಸಣ್ಣ ಅಂಚು, ನುಣುಪಾಗಿ, ಹೊಳೆಯುತ್ತ. ಕೆಳಗಿನ ರೆಪ್ಪೆ ಮೂಗಿನ ಕಡೆಗೆ ಜಗ್ಗಿತ್ತು. ಎಡಗಣ್ಣಿನಲ್ಲಿ ನೀರು. ಇಷ್ಟು ದಿನ ವಾರವಾರ ಈ ಮುಖದೆದುರು ಕೂತು ಮುದ್ದೆ ತಿಂದಿದ್ದಳು, ಕಂಡಿರಲಿಲ್ಲ.

"ಕಣ್ಣಲ್ಲಿ ನೀರು ಬರ್ತಿದೆಯಲ್ಲ ಅಣ್ಣ, ಕನ್ನಡಕ ಬೇಕಾಗಿದೆ ನಿನಗೆ. ತೋರಿಸಿಕೊಂಡು ಬರೋಣ" ಎಂದಳು. ಎರಡನೇ ಸುಳ್ಳು ಮೊದಲನೆಯದಕ್ಕಿಂತ ಸಲೀಸಾಗಿ ಬಂತು.

ಕನ್ನಡಕ ಅಂತ ಹೋದವರನ್ನು ಕಣ್ಣಿನ ಡಾಕ್ಟರು ಚರ್ಮದ ಡಾಕ್ಟರ ಹತ್ತಿರ ಕಳಿಸಿದರು. ಅವರು ಅಕ್ಕಿಕಾಳಿನಷ್ಟು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಸೆಪ್ಟೆಂಬರ್ ನಡುವಿನಲ್ಲಿ ಅಣ್ಣತಂಗಿ ಇಬ್ಬರನ್ನೂ ಕೂರಿಸಿಕೊಂಡು ಮುಚ್ಚುಮರೆ ಇಲ್ಲದೆ ಹೇಳಿದರು. ಕ್ಯಾನ್ಸರು. ಮೂಗಿನ ಪಕ್ಕದ ಮೂಳೆಗೆ ತಾಗಿದೆ, ಕಣ್ಣುಗುಡ್ಡೆಯ ಹಿಂದಕ್ಕೆ ಹೊರಟಿದೆ. ಅಕ್ಟೋಬರ್ ಹದಿನೆಂಟಕ್ಕೆ ಆಪರೇಷನ್ನಿಗೆ ಜಾಗವಿದೆ, ಹೆಸರು ಬರೆದಿಡುತ್ತೇನೆ. ಕಣ್ಣು ಉಳಿಯುತ್ತದೋ ಇಲ್ಲವೋ ಮಾತು ಕೊಡಲಾರೆ. ಆದರೆ ಚಳಿಗಾಲ ಕಳೆಯಲಿ ಅಂದರೆ ಆಮೇಲೆ ಕಣ್ಣಿನ ಮಾತಲ್ಲ, ಜೀವದ ಮಾತು.

ತೊವಾದೆರ್ ಎದ್ದು ನಿಂತ.

"ಡಾಕ್ಟ್ರೇ, ಇದನ್ನ ಪರಸ್ಕೇವಮ್ಮ ಮುಚ್ಚಿದ್ದು. ಆ ತಾಯಿ ಮುಚ್ಚಿದ್ದನ್ನ ನೀವು ಚಾಕು ಹಾಕಿ ಬಿಚ್ಚೋದು ಬೇಡ. ನನಗೆ ಆ ಪಾಪ ಬೇಡ."

ಅಷ್ಟು ಹೇಳಿ ಹೊರಟೇಹೋದ. ಪ್ರೊಫಿರಕ್ಕ ಕುರ್ಚಿಯಲ್ಲೇ ಉಳಿದಳು.

"ಡಾಕ್ಟ್ರೇ, ಮೇಲೊಂದು ಲೋಳೆಹಾಳೆ ಹಾಕಿದ್ರೆ ಇಂಥ ಹುಣ್ಣು ಮುಚ್ಚಿಬಿಡುತ್ತಾ?"

"ಏನು ಹಾಕಿದ್ರೂ ಮುಚ್ಚುತ್ತಮ್ಮ, ಹಾಕದಿದ್ರೂ ಮುಚ್ಚುತ್ತೆ. ಅದರ ಚಾಳಿಯೇ ಅದು. ಮುಚ್ಚಿತಲ್ಲ ಅಂತ ನೀವು ಇಷ್ಟು ದಿನ ಬರಲಿಲ್ಲ ನೋಡಿ, ಅದೇ ಆದ ತಪ್ಪು. ಹೋದ ವರ್ಷ ಬಂದಿದ್ರೆ ನಾಲ್ಕು ಹೊಲಿಗೇಲಿ ಮುಗಿತಿತ್ತು."

ಹಾಗಾದರೆ ಮುಚ್ಚಿದ್ದು ಸಂತಳೂ ಅಲ್ಲ, ಹಾಳೆಯೂ ಅಲ್ಲ. ಇಡೀ ಚಳಿಗಾಲ ತಾನು ಹಿಗ್ಗಿದ್ದು ಯಾವುದಕ್ಕೆ? ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಅವಳು ಅಳು ಬರಲಿ ಎಂದು ಕಾದಳು. ಬರಲಿಲ್ಲ. ಬೆರಳ ತುದಿಯಲ್ಲಿದ್ದ ಮರಗಟ್ಟುವಿಕೆ ಮುಂಗೈ ಏರಿ, ಭುಜ ಏರಿ, ಒಳಕ್ಕೆ ಇಳಿದಂತಿತ್ತು. ಟ್ರಾಮು ಹತ್ತಿದಳು, ತನ್ನ ನಿಲ್ದಾಣದಲ್ಲಿ ಇಳಿದಳು, ಬ್ರೆಡ್ಡು ಕೊಂಡಳು, ಜಾಡಿಯ ಚಹಾ ಬದಲಿಸಿದಳು.

ಮಾರನೇ ದಿನ ಸ್ಮರಂಡಾಳ ಕೋಣೆಗೆ ಹೋಗಿ, ಡಾಕ್ಟರು ಅಂದದ್ದನ್ನು ಹೇಳಿ, ಅಣ್ಣನಿಗೆ ಹಳದಿ ಹಾಳೆ ಕೇಳಿದಳು. ಸ್ಮರಂಡಾ ಫೋನಿನಲ್ಲಿದ್ದ ತೊವಾದೆರನ ಫೋಟೋವನ್ನು ತುಂಬ ಹೊತ್ತು ನೋಡಿದಳು.

"ಇಲಿಗೆ ಬಿಟ್ಟು ಇನ್ಯಾರಿಗೂ ಹಾಕಿಲ್ಲ ಪ್ರೊಫಿರಕ್ಕ. ಹಾಕಬಹುದು ಅಂದ್ರೂ ಅದು ಚರ್ಮದ ಮೇಲ್ಮೇಲೆ ಇರೋದಕ್ಕೆ. ಇದು ಮೂಳೆಗೆ ಇಳಿದಿದೆ. ನಿಮ್ಮಣ್ಣನಿಗೆ ಚಾಕು ಬಿಟ್ಟು ಬೇರೆ ದಾರಿಯಿಲ್ಲ." ಆಮೇಲೆ ಕೇಳಿದಳು, "ಇಷ್ಟು ದಿನ ಇದರ ಮೇಲೆ ಏನು ಹಾಕ್ತಿದ್ರು?"

"ಅಮ್ಮನ ಜಾಡಿಯ ಸಿಪ್ಪೆ, ಮೇಡಂ."

ತನ್ನ ನಾಲಗೆಯೂ ಸತ್ತಿದೆ ಎಂದು ಅವಳಿಗೆ ಗೊತ್ತಾದದ್ದು ಆಗ.

ಊರಿನ ಪಾದ್ರಿಯ ಕೈಯಿಂದ ಅಣ್ಣನಿಗೆ ಹೇಳಿಸಿದಳು. ಡಾಕ್ಟರ ಕೈಯನ್ನೂ ದೇವರೇ ನಡೆಸುವುದು, ಹೋಗಿ ಬಾ ಎಂದು ಪಾದ್ರಿ ಒಂದು ಗಂಟೆ ಬುದ್ಧಿ ಹೇಳಿದ. ತೊವಾದೆರ್ ಕೈಕಟ್ಟಿ ಕೇಳಿಸಿಕೊಂಡು, "ಅದು ವಾಸಿಯಾಗದೋರಿಗೆ ಸ್ವಾಮಿ. ನನಗೆ ಆಗಿದೆಯಲ್ಲ" ಎಂದ. ಇನ್ನು ಉಳಿದದ್ದು ಒಂದೇ ದಾರಿ, ಅದು ಪ್ರೊಫಿರಕ್ಕನ ಬಾಯಲ್ಲಿತ್ತು. ಹೇಳಿದರೆ ಅಣ್ಣ ಚಾಕುವಿಗೆ ಒಪ್ಪಿಯಾನು. ಆದರೆ ಭಾನುವಾರ ಗೇಟಿನ ಹತ್ತಿರ ಕಾಯುವ ಅಣ್ಣ ಇರುತ್ತಾನೋ ಇಲ್ಲವೋ. ಒಂದು ಭಾನುವಾರ ಬಾಯಿ ತೆರೆದಳು, ಮುದ್ದೆ ಚೆನ್ನಾಗಿದೆ ಎಂದಳು. ಇನ್ನೊಂದು ಭಾನುವಾರವೂ ಹಾಗೇ ಹೋಯಿತು. ದಿನಗಳು ಹದಿನೆಂಟರತ್ತ ಸರಿಯುತ್ತಿದ್ದವು, ಅವಳು ಹಾಳೆ ತೊಳೆಯುತ್ತಿದ್ದಳು.

ಅಕ್ಟೋಬರ್ ಹದಿಮೂರಕ್ಕೆ ತೊವಾದೆರ್ ತಾನೇ ಬಂದ. ಈ ವರ್ಷ ಪರಸ್ಕೇವಮ್ಮನಿಗೆ ಸ್ವತಃ ಕೈಮುಗಿದು ಋಣ ತೀರಿಸಬೇಕಂತೆ. ಒಗೆದ ಬಿಳಿ ಅಂಗಿ, ಕೈಯಲ್ಲಿ ಅದೇ ಕರವಸ್ತ್ರ, ಎಡಗಣ್ಣಿನಿಂದ ನಿಲ್ಲದೆ ಇಳಿಯುವ ನೀರು. ಬೆಳಗ್ಗೆ ಏಳಕ್ಕೆ ಇಬ್ಬರೂ ಸಾಲಿಗೆ ಸೇರಿದರು. ಕಬ್ಬಿಣದ ಬೇಲಿಗಳ ನಡುವೆ ಸಾಲು ಗಂಟೆಗೆ ನಾಲ್ಕು ಮಾರು ಹರಿಯುತ್ತಿತ್ತು. ಹಿಂದೆ ಮಡಚುವ ಸ್ಟೂಲು ಹಿಡಿದ, ಬಕೌ ಎಂಬ ಊರ ಕಡೆಯ ಒಬ್ಬ ದಪ್ಪ ಹೆಂಗಸು. ಹೆಸರು ಗ್ಲಿಚೇರಿಯಾ. ನಿಂತ ಹತ್ತು ನಿಮಿಷಕ್ಕೆ ತನ್ನ ಮೂರು ಸೊಸೆಯರ ಪುರಾಣ ಮುಗಿಸಿ, ಸ್ಟೂಲನ್ನು ತೊವಾದೆರನತ್ತ ನೂಕಿದಳು.

"ಕೂತ್ಕೊಳ್ಳಿ ಬಾವಾ, ಕಣ್ಣಲ್ಲಿ ಹೊಳೆ ಹರೀತಿದೆ. ಏನಾಯ್ತು?"

ಇನ್ನು ಕೇಳಬೇಕೆ? ತೊವಾದೆರ್ ಸ್ಟೂಲಿನ ಮೇಲೆ ಕೂತು ಶುರುಮಾಡಿದ. ಹುಣ್ಣು, ಹಕ್ಕಳೆ, ಅಮ್ಮನ ಜಾಡಿ, ಕರವಸ್ತ್ರ, ಕಾಮಕಸ್ತೂರಿ, ಎಂಟು ಶನಿವಾರ. ಹಿಂದೆ ಮುಂದೆ ನಿಂತವರೆಲ್ಲ ಕತ್ತು ಚಾಚಿ ಕೇಳಿದರು, ಶಿಲುಬೆ ಗುರುತು ಹಾಕಿಕೊಂಡರು. ಪ್ರೊಫಿರಕ್ಕ ಬೇಲಿಯ ಕಬ್ಬಿಣ ಹಿಡಿದುಕೊಂಡು ನಿಂತಿದ್ದಳು. ತಣ್ಣಗಿರಬೇಕು ಆ ಕಬ್ಬಿಣ, ಅವಳಿಗೆ ತಿಳಿಯಲಿಲ್ಲ.

ಕತೆ ಮುಗಿದಾಗ ಗ್ಲಿಚೇರಿಯಾ ಅವಳ ತೋಳು ಹಿಡಿದಳು.

"ಅಮ್ಮಾ ತಾಯಿ, ಆ ಜಾಡಿಯ ಸಿಪ್ಪೆ ನನಗೂ ಒಂದು ಕೊಡಿ. ನಮ್ಮೆಜಮಾನ್ರ ಕಿವಿ ಮೇಲೆ ಇಂಥದ್ದೇ ಒಂದು ಇದೆ. ಎರಡು ವರ್ಷದಿಂದ ಆಗುತ್ತೆ, ಹೋಗುತ್ತೆ, ಆಗುತ್ತೆ, ಹೋಗುತ್ತೆ. ಡಾಕ್ಟರ್ ಹತ್ರ ಹೋಗಿ ಅಂದ್ರೆ ಸೊಪ್ಪು ಹಾಕಲ್ಲ. ಪರಸ್ಕೇವಮ್ಮನಿಗೆ ಮುಟ್ಟಿಸಿದ್ದು ಅಂದ್ರೆ ಕುರಿ ಹಾಗೆ ಮುಖ ಕೊಡ್ತಾರೆ."

"ಕೊಡಲ್ಲ" ಎಂದಳು ಪ್ರೊಫಿರಕ್ಕ.

ಗ್ಲಿಚೇರಿಯಾ ಕೈ ಬಿಟ್ಟಳು. ತೊವಾದೆರ್ ಹುಬ್ಬು ಗಂಟಿಕ್ಕಿದ. "ಏನೇ ಇದು? ಒಂದು ಸಿಪ್ಪೆಗೆ ಜುಗ್ಗತನನಾ? ಅಮ್ಮ ಇದ್ದಿದ್ರೆ ಕೇಳೋದಕ್ಕೆ ಮುಂಚೆ ಕೊಟ್ಟಿರೋಳು."

"ಅವರನ್ನ ಡಾಕ್ಟರಿಗೆ ತೋರಿಸಿ," ಎಂದಳು ಪ್ರೊಫಿರಕ್ಕ ಆ ಹೆಂಗಸಿಗೆ. "ನಾಳೆನೇ ತೋರಿಸಿ. ಏನೂ ಹಚ್ಚಬೇಡಿ, ಏನೂ ಮುಚ್ಚಬೇಡಿ." ಆಮೇಲೆ ಅಣ್ಣನ ಕಡೆ ತಿರುಗಿದಳು. "ಅದು ಅಮ್ಮನ ಜಾಡಿಯದಲ್ಲ ಅಣ್ಣ. ನಮ್ಮ ಲ್ಯಾಬಿನ ಹಾಳೆ. ಗುಳ್ಳೆ ಬಿದ್ದು ಬಿಸಾಡಿದ್ದನ್ನ ಎತ್ತಿಕೊಂಡು ಬಂದಿದ್ದೆ. ನೀನು ಬೇಡ ಅಂತೀಯ ಅಂತ ಸುಳ್ಳು ಹೇಳಿದೆ. ಡಬ್ಬೀನ ನಿನ್ನ ವಸ್ತ್ರದಲ್ಲಿ ಸುತ್ತಿ ಪಾದ್ರಿಗೆ ಕೊಟ್ಟೆ. ಕನ್ನಡಕ ಅಂದಿದ್ದೂ ಸುಳ್ಳು. ಎಲ್ಲ ಸುಳ್ಳು."

ತೊವಾದೆರ್ ಸ್ಟೂಲಿನ ಮೇಲೆ ಕೂತೇ ಇದ್ದ. ಅವನು ಬೈದರೆ, ಕೈಯೆತ್ತಿದರೆ, ಎಷ್ಟೋ ಮೇಲಾಗುತ್ತಿತ್ತು. ಅವನು ಎದ್ದ, ಸ್ಟೂಲನ್ನು ಮಡ‌ಚಿ ಗ್ಲಿಚೇರಿಯಾಳ ಕೈಗೆ ಕೊಟ್ಟ, ತಂಗಿಗೆ ಬೆನ್ನು ಹಾಕಿ ನಿಂತ. ಸಾಲು ಬಿಟ್ಟು ಹೋಗಲಿಲ್ಲ. ಮಧ್ಯಾಹ್ನ ಸೇವಕರು ಎಲೆಕೋಸಿನಲ್ಲಿ ಸುತ್ತಿದ ಬಿಸಿ ಕಡುಬು, ಕಾಗದದ ಲೋಟದಲ್ಲಿ ಚಹಾ ಹಂಚಿಕೊಂಡು ಬಂದರು. ಅವನು ತನ್ನದನ್ನು ತೆಗೆದುಕೊಂಡು ತಿಂದ. ಪ್ರೊಫಿರಕ್ಕನ ಕೈಯಲ್ಲಿ ಚಹಾ ಆರಿತೋ, ಸುಡುತ್ತಿತ್ತೋ. ನಾಲ್ಕು ಗಂಟೆ ಹೊತ್ತು ಅವಳು ನೋಡಿದ್ದು ಬಿಳಿ ಅಂಗಿಯ ಬೆನ್ನನ್ನು. ತನಗೆ ಭಯವಾಗಬೇಕಿತ್ತು, ನಾಚಿಕೆಯಾಗಬೇಕಿತ್ತು ಎಂದು ಅವಳಿಗೆ ತಿಳಿದಿತ್ತು. ಕಾಲು ನೋಯುತ್ತಿತ್ತು, ಅಷ್ಟೇ.

ಬೆಳ್ಳಿ ಪೆಟ್ಟಿಗೆ ಬಂತು. ತೊವಾದೆರ್ ಬಗ್ಗಿ ಮುತ್ತಿಟ್ಟ. ಕರವಸ್ತ್ರವನ್ನು ಪಾದ್ರಿಗೆ ಕೊಡಲಿಲ್ಲ, ಜೇಬಿನಿಂದ ತೆಗೆಯಲೇ ಇಲ್ಲ. ಹೊರಗೆ ಅಂಗಳದಲ್ಲಿ, ಮೇಣದ ಬತ್ತಿ ಹಚ್ಚುವ ಕಡೆ, ಅವನು ನಿಂತ.

"ಹೋದ ವರ್ಷದಿಂದ ದಿನಾ ಬೆಳಗ್ಗೆ ಎದ್ದು ಪರಸ್ಕೇವಮ್ಮನ್ನ ನೆನೀತಿದ್ದೆ. ನಿನ್ನನ್ನ ನೆನೀಬೇಕಾಗಿತ್ತಾ?"

"ಯಾರನ್ನೂ ಬೇಡ ಅಣ್ಣ. ಅದು ವಾಸಿಯೇ ಆಗಿರಲಿಲ್ಲ. ತನ್ನಷ್ಟಕ್ಕೆ ಮುಚ್ಚಿಕೊಂಡಿತ್ತು. ನಾನು ಸುಮ್ಮನಿದ್ದಿದ್ರೆ ನೀನು ಯಾವತ್ತೋ ಡಾಕ್ಟರ್ ಹತ್ರ ಹೋಗಿರ್ತಿದ್ದೆ. ನಾಲ್ಕು ಹೊಲಿಗೇಲಿ ಮುಗಿತಿತ್ತು."

"ಹಾಗಾದ್ರೆ ಈಗ ಬೈಯೋದು ಯಾರನ್ನ?"

"ನನ್ನನ್ನ."

ತೊವಾದೆರ್ ಅವಳನ್ನು ನೋಡಿದ. ನೀರು ತುಂಬಿದ ಕಣ್ಣಿನಿಂದಲೋ, ಇನ್ನೊಂದರಿಂದಲೋ, ಅವಳಿಗೆ ತಿಳಿಯಲಿಲ್ಲ. ಬೈಯಲಿಲ್ಲ. "ಹದಿನೆಂಟಕ್ಕೆ ಎಷ್ಟು ಹೊತ್ತಿಗೆ ಬರಬೇಕಂತೆ?" ಎಂದು ಮಾತ್ರ ಕೇಳಿದ.

ಕಣ್ಣು ಉಳಿಯಲಿಲ್ಲ. ಆರು ಗಂಟೆಯ ಆಪರೇಷನ್ನಿನ ನಂತರ ಡಾಕ್ಟರು ಹೊರಗೆ ಬಂದು, ಜೀವಕ್ಕೆ ಮೋಸವಿಲ್ಲ, ಕಣ್ಣನ್ನು ತೆಗೆಯಲೇಬೇಕಾಯಿತು ಎಂದರು. ಗುಳಿಬಿದ್ದ ಜಾಗಕ್ಕೆ ಹೊದೆಸಲು ತೊಡೆಯಿಂದ ಅಂಗೈಯಗಲ ಚರ್ಮ ಕೆತ್ತಿ ತೆಗೆದಿದ್ದರು. ಮಾರನೇ ದಿನ ಪ್ರೊಫಿರಕ್ಕ ಸ್ಮರಂಡಾಳ ಹತ್ತಿರ ಹೋಗಿ ಹಾಳೆ ಎತ್ತಿಕೊಂಡು ಹೋದದ್ದನ್ನೂ, ಸುಳ್ಳು ಹೇಳಿದ್ದನ್ನೂ ಒಪ್ಪಿಕೊಂಡಳು. ಸ್ಮರಂಡಾ, "ಹೋಗಿ ಪ್ರೊಫಿರಕ್ಕ, ಅಣ್ಣನ ಹತ್ರ ಇರಿ" ಎಂದಳು.

ಮುಖ ಕಟ್ಟಿಕೊಂಡು ಮಲಗಿದ್ದ ತೊವಾದೆರ್ ಅವಳು ತಂದ ಸಾರು ಕುಡಿಯುತ್ತಿದ್ದ. ಬಾ ಅನ್ನುತ್ತಿರಲಿಲ್ಲ, ಹೋಗು ಅನ್ನುತ್ತಿರಲಿಲ್ಲ. ಮುಖದ ನೋವಿಗಿಂತ ತೊಡೆಯ ಉರಿ ಅವನನ್ನು ಹೆಚ್ಚು ಗೋಳಾಡಿಸುತ್ತಿತ್ತು. ಚರ್ಮ ಸುಲಿದ ಜಾಗಕ್ಕೆ ಬಟ್ಟೆ ಅಂಟಿ, ಬಿಚ್ಚುವಾಗಲೆಲ್ಲ ಜೀವ ಹೋಗಿ ಬರುತ್ತಿತ್ತು. ನಾಲ್ಕನೇ ದಿನ ನರ್ಸು ಒಂದು ಡಬ್ಬಿ, ಒಂದು ಕಾಗದ ತಂದಳು. ಸಂಸ್ಥೆಯ ಲೋಳೆಹಾಳೆಯನ್ನು ಇಂಥ ಗಾಯಗಳ ಮೇಲೆ ಹಾಕಿ ನೋಡಲು ಆಸ್ಪತ್ರೆಗೆ ಒಪ್ಪಿಗೆ ಬಂದಿದೆ, ಬೇಕಿದ್ದರೆ ಸಹಿ ಹಾಕಬಹುದು, ಬಲವಂತವಿಲ್ಲ.

ಪ್ರೊಫಿರಕ್ಕ ಕಿಟಕಿಯ ಹೊರಗೆ ನೋಡಿದಳು. ತೊವಾದೆರ್ ಉಳಿದ ಒಂದು ಕಣ್ಣನ್ನು ಕಾಗದದ ಹತ್ತಿರ ತಂದು ಓದಿದ. ಎರಡು ಸಲ ಓದಿದ. ಸಹಿ ಹಾಕಿದ.

"ಇದರ ವಿಷಯ ಅವಳಿಗೆ ಗೊತ್ತು," ಎಂದ ನರ್ಸಿಗೆ. "ಅವಳ ಕೈಲೇ ಹಾಕಿಸಿ."

ನರ್ಸು ಕೈಗವಸು ಕೊಟ್ಟಳು. ಪ್ರೊಫಿರಕ್ಕ ತೊಡೆಯ ಮೇಲಿನ ಕೆಂಪು ಗಾಯವನ್ನು ಬೆಳಕಿಗೆ ತಿರುಗಿಸಿ ನೋಡಿದಳು. ಅಂಚು ನೋಡಿದಳು, ನಡುವೆ ನೋಡಿದಳು. ಹಾಳೆ ಎತ್ತಿ, ಒಂದು ಮೂಲೆಯಿಂದ ಇಳಿಸುತ್ತ, ಗಾಳಿ ಸಿಕ್ಕದಂತೆ ಸವರುತ್ತ ಹೊದೆಸಿದಳು. ತೊವಾದೆರನ ಹೊಟ್ಟೆಯಿಂದ ಒಂದು ಉದ್ದನೆಯ ಉಸಿರು ಹೊರಗೆ ಬಂತು.

"ತಣ್ಣಗಿದೆಯಾ ಅಣ್ಣ?"

"ಯಾಕೆ, ನಿನಗೆ ಗೊತ್ತಾಗಲ್ವಾ?"

"ಇಲ್ಲ."

ಅವನು ತೊಡೆಯನ್ನು ಸ್ವಲ್ಪ ಅಲುಗಿಸಿ ನೋಡಿದ.

"ತಣ್ಣಗಿದೆ" ಎಂದ. ಆಮೇಲೆ, ಆ ಸಾಲಿನಲ್ಲಿ ನಿಂತ ದಿನದ ನಂತರ ಮೊದಲ ಸಲ ಅವಳ ಮುಖವನ್ನು ನೇರವಾಗಿ ನೋಡಿ ಕೇಳಿದ, "ಈ ಸಲ ಅಡಿಯಲ್ಲಿ ಏನಿದೆ ಅಂತ ನೋಡಿ ಮುಚ್ಚಿದೆಯಾ?"

"ನೋಡಿದೆ ಅಣ್ಣ" ಎಂದಳು ಪ್ರೊಫಿರಕ್ಕ. ಕೆಳದುಟಿ ನಡುಗಿತು, ಅದು ಅವಳಿಗೆ ಗೊತ್ತಾಯಿತು.